ಯಾಶ್ಚಿಲಾನಿನ ಕತ್ತಲಲ್ಲಿ ಸಿಕ್ಕ ಕೈ

ಎರಡು ವರ್ಷದ ಹಿಂದೆ ಮಗಳು ಇಂಚರಳ ಸ್ಪ್ರಿಂಗ್ ಬ್ರೇಕಿನಲ್ಲಿ ನಡೆದದ್ದಿದು. ನಾವಿರುವುದು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ. ಆ ಸಲ ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ, ತಾಯಿ ಮಗಳು ಇಬ್ಬರೇ ಮೆಕ್ಸಿಕೋಗೆ ಹೊರಟೆವು. ಎಲ್ಲರೂ ಫೋಟೊ ಹಾಕುವ ಆ ದೊಡ್ಡ ಪಿರಮಿಡ್ ನೋಡುವ ಆಸೆ ನನಗೆ. ಇಂಚರಳದು ಬೇರೆಯೇ ಹಟ. "ಎವ್ರಿಬಡಿ ಗೋಸ್ ದೇರ್, ಅಮ್ಮಾ" ಎಂದು ಯಾಶ್ಚಿಲಾನ್ ಎಂಬ ಜಾಗ ತೋರಿಸಿದಳು. ಮಾಯಾ ಜನ ಸಾವಿರ ವರ್ಷಕ್ಕೂ ಹಿಂದೆ ಕಾಡಿನ ನಡುವೆ ಕಟ್ಟಿದ ಊರು. ರಸ್ತೆಯಿಲ್ಲ, ದೋಣಿಯಲ್ಲೇ ಹೋಗಬೇಕು.

ಕಂದು ಬಣ್ಣದ ದೊಡ್ಡ ನದಿ. ಈ ದಡ ಮೆಕ್ಸಿಕೋ, ಆ ದಡ ಗ್ವಾಟೆಮಾಲಾ. ದೋಣಿ ಇಳಿದು ಸ್ವಲ್ಪ ನಡೆದರೆ ಪಾಚಿ ಹಿಡಿದ ಕಲ್ಲಿನ ಕಟ್ಟಡ, ಅದರೊಳಗಿನ ಕತ್ತಲ ದಾರಿ ದಾಟಿದರೆ ಊರು. ಇಂಚರ ಫೋನಿನ ಟಾರ್ಚ್ ಹಾಕಿಕೊಂಡು ಮುಂದೆ ಓಡಿಯೇಬಿಟ್ಟಳು.

ಒಳಗೆ ಬಾವಲಿಗಳ ವಾಸನೆ. ತಲೆಯ ಮೇಲೇ ಏನೋ ಹಾರಿದ ಹಾಗಾಗಿ ಬಗ್ಗಿದೆ, ಕಾಲು ಜಾರಿತು. ಟಾರ್ಚ್ ಹಾಕಿಕೊಂಡಿದ್ದ ನನ್ನ ಫೋನು ಕೈತಪ್ಪಿ ಎಲ್ಲೋ ಬಿದ್ದು ಬೆಳಕು ಆರಿತು. ತಡವಿದರೆ ಎಡಕ್ಕೂ ದಾರಿ, ಬಲಕ್ಕೂ ದಾರಿ. "ಇಂಚರಾ!" ಎಂದು ಕೂಗಿದೆ. ಉತ್ತರವಿಲ್ಲ. ಅಷ್ಟರಲ್ಲಿ ಹೊರಗಿನಿಂದ ಒಂದು ಗರ್ಜನೆ ಕೇಳಿಸಿತು. ಹುಲಿಯೇ ಅಂದುಕೊಂಡೆ. ಮಗಳು ಒಬ್ಬಳೇ ಆ ಕಡೆ ಇದ್ದಾಳೆ! ಗೋಡೆ ಹಿಡಿದು ಹೆಜ್ಜೆ ಇಟ್ಟರೆ ಮತ್ತೆ ಗೋಡೆಯೇ. ಅಳು ಒತ್ತರಿಸಿ ಬಂತು.

ಆಗ ಯಾರೋ ನನ್ನ ಕೈ ಹಿಡಿದರು. ಒರಟಾದ, ಬೆಚ್ಚಗಿನ ಕೈ. ಹೆದರಿದ ಮಗುವನ್ನು ಸಮಾಧಾನ ಮಾಡುವ ಹಾಗೆ ಹೆಂಗಸೊಬ್ಬರ ದನಿ. ಒಂದು ಮಾತೂ ಅರ್ಥವಾಗಲಿಲ್ಲ, ಸುಮ್ಮನೆ ಹಿಂದೆ ಹೋದೆ. ಎರಡು ತಿರುವು ದಾಟಿದೆವು, ಬೆಳಕು ಬಂತು.

ಹೊರಗೆ ಬಂದವಳು ಮಗಳನ್ನು ಹುಡುಕುವುದನ್ನೂ ಒಂದು ಗಳಿಗೆ ಮರೆತು ನಿಂತುಬಿಟ್ಟೆ. ಹಸಿರು ಹುಲ್ಲಿನ ವಿಶಾಲ ಅಂಗಳ. ತುದಿ ಕಾಣದ ಮರಗಳು. ಅವುಗಳ ನಡುವೆ ಕಲ್ಲಿನ ಮನೆಗಳು. ಗುಡ್ಡದ ನೆತ್ತಿಗೆ ಹೋಗುವ ಮೆಟ್ಟಿಲು, ಅಲ್ಲಿ ಕಲ್ಲಿನ ಜಾಲರಿ ಹೊತ್ತ ಗುಡಿ, ಜಾಲರಿಯ ಕಂಡಿಗಳಲ್ಲಿ ಆಕಾಶ. ಮನುಷ್ಯರೇ ಇದನ್ನು ಕಟ್ಟಿದ್ದಾ?

"ಅಮ್ಮಾ, ಮಂಕೀಸ್!" ಮರದ ಕೆಳಗೆ ಇಂಚರ ಮೇಲೆ ಕೈ ತೋರಿಸುತ್ತಿದ್ದಳು. ಗರ್ಜಿಸುತ್ತಿದ್ದದ್ದು ಕಪ್ಪು ಕೋತಿಗಳು! ಓಡಿಹೋಗಿ ಅವಳನ್ನು ತಬ್ಬಿಕೊಂಡೆ.

ನನ್ನನ್ನು ಕರೆತಂದಾಕೆಗೆ ನನ್ನ ಅಮ್ಮನ ವಯಸ್ಸಿರಬಹುದು. ಹೂವಿನ ಕಸೂತಿಯ ರವಿಕೆ, ಜೊತೆಗೆ ಇಂಚರಳಷ್ಟೇ ವಯಸ್ಸಿನ ಮೊಮ್ಮಗಳು. ನಾವು ದೋಣಿ ಹತ್ತಿದ ಹಳ್ಳಿಯವರೇ, ರಜೆಯೆಂದು ನೋಡಲು ಬಂದಿದ್ದರು. ಇಂಚರ ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್ ಹೊರತೆಗೆದಳು. ಇಬ್ಬರು ಹುಡುಗಿಯರೂ ಹೋಗಿ ನನ್ನ ಫೋನು ಹುಡುಕಿ ತಂದರು. ಅಜ್ಜಿ ತಮ್ಮ ಚೋಲ್ ಭಾಷೆಯಲ್ಲಿ ಏನೋ ಕೇಳಿದರೆ ಮೊಮ್ಮಗಳು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಇಂಚರಳಿಗೆ ನಗು. "ಶೀ ಈಸ್ ಜಸ್ಟ್ ಲೈಕ್ ಮೀ!" ಮನೆಯಲ್ಲಿ ನನ್ನ ಕನ್ನಡಕ್ಕೆ ಇವಳ ಉತ್ತರ ಇಂಗ್ಲಿಷಿನಲ್ಲೇ.

ಅಂಗಳದಲ್ಲಿ ಆಳೆತ್ತರದ ಕಲ್ಲೊಂದು ನಿಂತಿತ್ತು. ಅದರ ಮೇಲೆ ರಾಜನ ಚಿತ್ರ, ಸುತ್ತ ಚಿತ್ರದಂಥ ಅಕ್ಷರಗಳು. ನಾನು ಮಗಳಿಗೆ, "ಇದನ್ನ ಬರೆದ ಜನ ಎಲ್ಲಾ ಎಲ್ಲಿಗೆ ಹೋದ್ರು ಅಂತ ಅವರನ್ನ ಕೇಳು" ಅಂದೆ.

ಕೇಳಿದ್ದೇ ತಡ, ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆಮೇಲೆ ಕಲ್ಲಿನ ಕಡೆ ತಿರುಗಿ ಸ್ವಲ್ಪ ಹೊತ್ತು ಮಾತಾಡಿದರು, ಮೊಮ್ಮಗಳು ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಳು.

ಇಂಚರ ನನ್ನ ಮುಖ ನೋಡಿದಳು. "ಎಲ್ಲೂ ಹೋಗಿಲ್ವಂತೆ ಅಮ್ಮಾ. ಇಲ್ಲೇ ಇದಾರಂತೆ. ಮೆಕ್ಕೆಜೋಳ ಬೆಳೀತಾರಂತೆ. ಬಂದೋರೆಲ್ಲಾ ಇದನ್ನೇ ಕೇಳ್ತಾರಂತೆ."

ಮಗಳು ಅಷ್ಟನ್ನೂ ಕನ್ನಡದಲ್ಲಿ ಹೇಳಿದಳೆಂಬುದು ಹೊಳೆದದ್ದು ದೋಣಿ ಹತ್ತಿದ ಮೇಲೆ. ಆ ಕಲ್ಲಿನ ಬರಹದ ಭಾಷೆಗೂ ಚೋಲ್ ಭಾಷೆಗೂ ಹತ್ತಿರದ ನಂಟಿದೆಯಂತೆ, ಮನೆಗೆ ಬಂದು ಓದಿದೆ.

ಆಫೀಸಿನಲ್ಲಿ ಊಟದ ಹೊತ್ತಿಗೆ ಫೋಟೊ ತೋರಿಸುತ್ತಿದ್ದೆ. ಕನ್ನಡದ ಗೆಳತಿಯೊಬ್ಬಳು, "ಪಾಪ, ಅಷ್ಟು ದೊಡ್ಡ ಜನಾಂಗ ಹೇಗೆ ಮಾಯವಾಯ್ತೋ" ಅಂದಳು.

"ಮಾಯ ಆಗಿಲ್ಲ ಕಣೇ," ಅಂದೆ. "ಅವರಲ್ಲೊಬ್ಬರು ನನ್ನ ಕೈ ಹಿಡ್ಕೊಂಡು ನಡೆಸಿದಾರೆ."