ತಗಡಿನ ಹಿಂದಿನ ಹಲಗೆ

ಕೆಳಗಿನ ಮನೆಯವರು ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದಾರೆ. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ನಾನು ತೊಂಬತ್ತರ ದಶಕದ ಕತಾರಿಗೆ ಹೋಗಿಬಿಟ್ಟೆ, ವೀಸಾ, ಟಿಕೆಟ್ಟು ಒಂದೂ ಇಲ್ಲದೆ. ಫೋನಿನಲ್ಲಿ ಟೈಪು ಮಾಡುವುದನ್ನು ಮೊಮ್ಮಗಳು ಮೊನ್ನೆಯಷ್ಟೇ ಕಲಿಸಿದ್ದು. ಒಂದೇ ಬೆರಳಿನ ಕೆಲಸ, ನೀವೂ ನಿಧಾನಕ್ಕೆ ಓದಿ.

ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಯಜಮಾನರದೊಂದು ವರ್ಕ್‌ಶಾಪ್ ಇತ್ತು. ಬೇಸಗೆಯಲ್ಲಿ ಆ ಶೆಡ್ಡು ಕಾದ ಕಾವಲಿಯೇ. ಎಸಿಯ ತಂಪು ನಿಲ್ಲಲಿ ಎಂದು, ಮೆಷಿನು ಬಂದ ಮರದ ಪೆಟ್ಟಿಗೆಗಳನ್ನು ಒಡೆದು ಗೋಡೆಯುದ್ದಕ್ಕೂ ಹಲಗೆ ಹೊಡೆಸಿದರು. ಬಿಟ್ಟಿ ಸಿಕ್ಕಿದ ಮರವನ್ನು ನಮ್ಮ ಊರಿನವರು ಬಿಸಾಡುವುದುಂಟೇ? ಅದೇ ಹಲಗೆಯ ಪಕ್ಕದಲ್ಲಿ ವೆಲ್ಡಿಂಗ್. ಶೆಡ್ಡು ಸುಟ್ಟರೆ ನಾವು ಗಂಟು ಕಟ್ಟಿ ಊರಿಗೆ ಹೊರಡುವುದೇ ಸೈ. ನನ್ನ ವರಾತ ತಾಳಲಾರದೆ ಕೊನೆಗೆ ಕಿಡಿ ತಾಗದ ಹಾಗೆ ಹಲಗೆಯ ಮೇಲೆಯೇ ತಗಡು ಜಡಿಸಿದರು.

"ಇನ್ನು ನಿನ್ನ ಬಾಯಿಗೂ ಒಂದು ತಗಡು ಹೊಡೆಸುವಾ?" ಎಂದರು.

ಒಂದು ಗುರುವಾರ, ಮರುದಿನ ಶುಕ್ರವಾರದ ರಜೆ, ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ನನ್ನ ಗೆಳತಿಯ ಮನೆಗೆ ಊಟಕ್ಕೆ ಹೊರಟಿದ್ದೆವು. ಉಳ್ಳಾಲದ ವೆಲ್ಡರ್ ಸುಲೇಮಾನ್ ಮೆಷಿನು ಆರಿಸಿ, "ಖಲಾಸ್ ಅಕ್ಕ" ಎಂದ. ಇವರು ಕೈಕಾಲು ತೊಳೆದು, ತಲೆ ಬಾಚಿ, ಮದುಮಗನಾಗುವುದಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಅವಳಿಗೆಂದು ಮಾಡಿದ್ದ ಬಂಗುಡೆ ಮೀನಿನ ಸಾರು ಆರಬಾರದೆಂದು ನಾನು ಕ್ಯಾರಿಯರನ್ನು, ವೆಲ್ಡಿಂಗ್ ಕಾವಿಗೆ ಬೆಚ್ಚಗಾಗಿದ್ದ ಗೋಡೆಯ ತಗಡಿಗೆ ಒತ್ತಿ ಇಟ್ಟಿದ್ದೆ. ತೆಗೆಯಲು ಹೋದರೆ ಕೈ ಚುರ್ ಎಂದಿತು.

"ಕೇಳಿತಾ, ಮೆಷಿನು ಆರಿಸಿದ ಮೇಲೆ ಇದು ಯಾಕೆ ಜಾಸ್ತಿ ಸುಡ್ತದೆ?"

"ಕತಾರಲ್ಲಿ ಎಂತ ಸುಡುದಿಲ್ಲ ಮಾರಾಯ್ತಿ? ಯಲ್ಲಾ, ಹೊರಡು."

"ನೀವು ಮುಟ್ಟಿ ನೋಡದೆ ನಾನು ಹೊರಡುದಿಲ್ಲ."

ಮುಟ್ಟಿದರು. ಕೈಯಲ್ಲಿದ್ದ ಬೀಗ ನೆಲಕ್ಕೆ ಬಿತ್ತು. ಸುಲೇಮಾನ್ ತಗಡನ್ನು ಮೀಟಿ ಕಿತ್ತ. ಹಿಂದಿನ ಹಲಗೆ ಕಪ್ಪಾಗಿ, ಬೀಡಿಯ ತುದಿಯಂತೆ ಒಳಗೊಳಗೇ ಕೆಂಪಗೆ ಉರಿಯುತ್ತಿತ್ತು. ಕಿಡಿ ತಡೆದ ತಗಡು ಕಾವನ್ನು ಹಲಗೆಗೆ ದಾಟಿಸಿತ್ತು. ಮೂರು ಬಕೆಟ್ ನೀರು ಹೊಯ್ದ ಮೇಲೆ ಹೊಗೆ ನಿಂತಿತು.

"ಬೀಗ ಹಾಕಿ ಹೋಗಿದ್ರೆ, ಶನಿವಾರ ಬೂದಿ ಗುಡಿಸ್ಲಿಕ್ಕೆ ಬರ್ಬೇಕಿತ್ತು ಅಕ್ಕ," ಎಂದ ಸುಲೇಮಾನ್.

ಗೆಳತಿಯ ಮನೆಗೆ ಹೋಗಲಿಲ್ಲ. ಅಲ್ಲೇ ಕೂತು, ಗೋಡೆ ಕಾಯುತ್ತಾ ಸಾರು ಮುಗಿಸಿದೆವು. ಅಷ್ಟು ರುಚಿಯ ಬಂಗುಡೆ ಮತ್ತೆ ತಿಂದಿಲ್ಲ. ಮರುವಾರವೇ ವೆಲ್ಡಿಂಗ್ ಮೂಲೆಯ ಹಲಗೆಯನ್ನೆಲ್ಲ ಕಿತ್ತು ಹೊರಗೆ ಹಾಕಿದರು. ಕೆಲಸ ಮುಗಿದ ಮೇಲೆ ಒಂದು ಗಂಟೆ ಯಾರಾದರೂ ಕೂತು ಕಾಯಬೇಕು, ಹೊರಡುವ ಮುಂಚೆ ಗೋಡೆ ಮುಟ್ಟಿ ನೋಡಬೇಕು ಎಂದು ಇವರೇ ಕಾನೂನು ಮಾಡಿದರು, ತಮಗೇ ಹೊಳೆದದ್ದು ಎಂಬ ಗತ್ತಿನಲ್ಲಿ. ಇರಲಿ ಬಿಡಿ.

ಈಗಲೂ ಊಟಕ್ಕೆ ಕೂರುವ ಮುಂಚೆ ಇವರು ಫ್ರಿಜ್ಜಿನ ಹಿಂದೆ, ಸ್ವಿಚ್ಚಿನ ಪಕ್ಕ ಗೋಡೆ ಸವರುತ್ತಾರೆ. ಮಕ್ಕಳು ನಗುತ್ತಾರೆ, ಜೊತೆಗೆ ನಾನೂ. ಇವತ್ತು ಇವರು ಬಚ್ಚಲಿನಲ್ಲಿದ್ದಾಗ ಯಾರಿಗೂ ಕಾಣದ ಹಾಗೆ ನಾನೂ ಒಂದು ಸುತ್ತು ಸವರಿ ಬಂದೆ.

ಎಲ್ಲ ತಣ್ಣಗಿತ್ತು.