ಎಡಗಡೆ ಮುಂಚಕ್ರದ ಸದ್ದು

ಹೊಸನಗರದಲ್ಲಿ ನನ್ನ ಗಂಡನ ಸಣ್ಣ ಗ್ಯಾರೇಜು ಇತ್ತು. ನಾಲ್ಕು ಕಂಬ, ಮೇಲೆ ತಗಡು, ಹಿಂದುಗಡೆ ನಾವಿದ್ದ ಎರಡು ಕೋಣೆಯ ಬಾಡಿಗೆ ಮನೆ. ಎಪ್ಪತ್ತರ ದಶಕದಲ್ಲಿ ಊರಲ್ಲಿದ್ದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ತೀರ್ಥಹಳ್ಳಿಯಿಂದ, ನಿಟ್ಟೂರಿನಿಂದ, ಸಾಗರದಿಂದಲೂ ಜನ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಇಂಜಿನ್ ಬಿಚ್ಚಿ ಕಟ್ಟುವವರು ಬೇರೆ ಕಡೆ ಬೇಕಾದಷ್ಟಿದ್ದರು. ಕಾರಿನ ಮುಂಭಾಗದಲ್ಲಿ ಎಲ್ಲೋ ಹುಟ್ಟಿ ಎಲ್ಲೋ ಕೇಳಿಸುವ ಸದ್ದು ಯಾವುದರದ್ದು ಎಂದು ಹೇಳುವುದರಲ್ಲಿ ಇವರದ್ದೇ ಹೆಸರು.

ಬೇರೆಯವರು ಸದ್ದು ಎಂದ ಕೂಡಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಇವರು ಮೊದಲು ಕಾರಿನಲ್ಲಿ ಕೂತು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಿದ್ದರು. ಹೊಂಡಕ್ಕೆ ಇಳಿದಾಗ ದಡ್ ಎಂದರೆ ಒಂದು, ತಿರುವಿನಲ್ಲಿ ಕಟಕಟ ಎಂದರೆ ಇನ್ನೊಂದು, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಿರ್ ಎಂದರೆ ಮತ್ತೊಂದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚಕ್ರದ ಹಿಂದಿನ ಕೀಲಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಾರಿನ ಮೂತಿಯನ್ನು ಅದುಮಿ ಬಿಡಲು ಹೇಳುತ್ತಿದ್ದರು. ಡಾಕ್ಟರು ಎದೆ ನೋಡಿದ ಹಾಗೆ. ಎದ್ದು ನಿಂತು ಕೈ ಒರೆಸಿಕೊಳ್ಳುತ್ತಾ, "ಬುಶ್ ಹೋಗಿದೆ, ಬೇರೆ ಎಂತದೂ ಇಲ್ಲ" ಎಂದರೆ ಅದು ಬುಶ್ಶೇ, ಕೀಲಿನೊಳಗಿನ ಆ ರಬ್ಬರಿನ ಬಳೆಯೇ ಆಗಿರುತ್ತಿತ್ತು.

ಮದುವೆಯಾಗಿ ಐದನೆಯ ವರ್ಷ ಅವರಿಗೆ ಕ್ಷಯ ಬಂತು. ತಿಂಗಳುಗಟ್ಟಲೆ ದಿನಕ್ಕೊಂದು ಇಂಜೆಕ್ಷನ್. ಎದೆ ವಾಸಿಯಾಯಿತು, ಮೈ ತುಂಬಿಕೊಂಡಿತು. ಆದರೆ ಔಷಧ ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದಿತ್ತು. ಅದು ನನಗೆ ತಿಳಿಯಲಿಲ್ಲ. ಕಾಫಿಗೆ ಕರೆದರೆ ಬರುತ್ತಿರಲಿಲ್ಲ. ಕೆಲಸದ ಗುಂಗು ಎಂದುಕೊಂಡಿದ್ದೆ.

ನಿಟ್ಟೂರಿನ ಒಬ್ಬರು ಜಮೀನ್ದಾರರು ಒಂದೇ ವಾರದಲ್ಲಿ ಮೂರನೆಯ ಸಲ ಕಾರು ತಂದ ದಿನ ತಿಳಿಯಿತು. ಅವರು ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಇವರು ಚಕ್ರದ ಹತ್ತಿರ ಕೂತಿದ್ದರು.

"ಕೇಳ್ತಾ ಈಗ?" ಎಂದರು ಅವರು.

"ಇಲ್ಲ, ಶಬ್ದ ಎಂತದೂ ಇಲ್ಲ. ಸರಿಯಾಗಿದೆ."

"ಎಂತ ಮಾರಾಯ, ಇಷ್ಟು ಜೋರು ಕಿರುಗುಡ್ತಾ ಇದೆ!"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗಿದ್ದ ಆ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು. ನನ್ನ ಗಂಡ ಮುಖ ಎತ್ತಿ ನನ್ನ ಕಡೆ ನೋಡಿದರು. ನೆಲದಲ್ಲಿ ಕೂತು ಹಾಗೆ ನೋಡಿದ ಆ ಮುಖ ನನಗೆ ಇನ್ನೂ ಮರೆತಿಲ್ಲ. ಸಂಜೆ ಎದುರಿಗೆ ಕೂರಿಸಿ ಕೇಳಿದೆ. "ದಡ್ ಅನ್ನೋದು ಕೈಗೆ ಗೊತ್ತಾಗ್ತದೆ. ಸಣ್ಣ ಶಬ್ದ ಒಂದೂ ಇಲ್ಲ ಈಗ. ಹಕ್ಕಿ ಕೂಗೋದೂ ಇಲ್ಲ" ಎಂದರು.

ಮರುದಿನದಿಂದ ನಾನು ಕಾರಿನಲ್ಲಿ ಕೂತೆ.

ಮೊದಮೊದಲು ಗಿರಾಕಿಗಳು, "ಇವ್ರಿಗೆ ಸವಾರಿ ಆಸೆ" ಎಂದು ನಗುತ್ತಿದ್ದರು. ನನಗೆ ಆರ್ಮು, ಕಿಂಗ್ ಪಿನ್ ಯಾವುದೂ ಗೊತ್ತಿರಲಿಲ್ಲ. ಕೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತಿದ್ದೆ. ಒರಳಲ್ಲಿ ಗುಂಡು ಬಡಿದ ಹಾಗೆ, ಕೊಡಪಾನದ ಬಾಯಿಗೆ ಬಳೆ ತಾಗಿದ ಹಾಗೆ, ಹೊಸ ಚಪ್ಪಲಿ ಮೆಟ್ಟಿ ನಡೆದ ಹಾಗೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ತಿರುವಿನಲ್ಲೋ, ಹೊಂಡದಲ್ಲೋ? ಬ್ರೇಕ್ ಒತ್ತಿದ್ರೆ ನಿಲ್ತದಾ?" ಎಂದು ಎರಡು ಮೂರು ಪ್ರಶ್ನೆ. ಆಮೇಲೆ ಕಾರಿನ ಕೆಳಗೆ ಸರಿದು ಕೈಯಿಂದ ತಡವಿ ಆ ಜಾಗವನ್ನೇ ಹಿಡಿಯುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನಾನು ಬಾಯಿ ತೆರೆಯುವ ಮೊದಲೇ ನನಗೂ ಕಾರಿನ ಕಾಯಿಲೆ ಗೊತ್ತಾಗುತ್ತಿತ್ತು. ಆದರೂ ನಾನು ಹೆಸರು ಹೇಳುತ್ತಿರಲಿಲ್ಲ. ಹೇಳುವುದು ಅವರ ಹಕ್ಕು ಎನಿಸುತ್ತಿತ್ತು. ಹೀಗೆ ನಾಲ್ಕು ವರ್ಷ ನಡೆಯಿತು. ಅವರ ಕಿವಿಯ ವಿಷಯ ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಆಡಲಿಲ್ಲ.

ಅವರ ಆಪ್ತರಲ್ಲಿ, ಬೇರೊಬ್ಬರ ಕಾರು ಓಡಿಸುತ್ತಿದ್ದ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದ. ಇವರಿಗೆ ಅಣ್ಣ ಎನ್ನುತ್ತಿದ್ದ, ನನಗೆ ಅತ್ತಿಗೆ. ಇವರು ಕ್ಷಯದಲ್ಲಿ ಮಲಗಿದ್ದಾಗ ಮನೆಗೆ ಬರಲು ಜನ ಹಿಂಜರಿಯುತ್ತಿದ್ದರು. ಅವನು ಮಾತ್ರ ದಿನಾ ಬಂದು, ಆ ಟ್ಯಾಕ್ಸಿಯಲ್ಲೇ ಕೂರಿಸಿಕೊಂಡು ಹೋಗಿ, ಇಂಜೆಕ್ಷನ್ ಹಾಕಿಸಿ ಕರೆತರುತ್ತಿದ್ದ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ, ತೀರ್ಥಹಳ್ಳಿಯಲ್ಲಿದ್ದ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾನು ಹೊರಟು ನಿಂತೆ.

"ಹೋಗು, ಇಲ್ಲಿಯ ಚಿಂತೆ ಬೇಡ" ಎಂದರು ಇವರು. "ನೀನು ಬರೋವರೆಗೆ ಬರೀ ಪಂಕ್ಚರು, ಗ್ರೀಸು. ಬೇರೆ ಕೆಲ್ಸ ಹಿಡಿಯಲ್ಲ."

ನಾನು ಹೋಗಿ ಒಂದು ವಾರವಾಗಿತ್ತು. ಡ್ರೈವರ್ ಕಾರು ತಂದ. ಮರುದಿನ ಸಿಗಂದೂರು ದೇವಸ್ಥಾನಕ್ಕೆ ಹೋಗುವವರನ್ನು ಹಿನ್ನೀರು ದಾಟಿಸುವ ಲಾಂಚಿನವರೆಗೆ ಬಿಟ್ಟು ಬರುವುದಿತ್ತು, ಎಡಗಡೆ ಮುಂದೆ ಏನೋ ದಡದಡ ಎನ್ನುತ್ತಿತ್ತು. ಅವನಿಗೆ ಇಲ್ಲ ಎನ್ನಲಾರದೆ ಇವರು ಜಾಕಿ ಕೊಟ್ಟು ಚಕ್ರ ಅಲ್ಲಾಡಿಸಿ ನೋಡಿದರು, ಸವೆದ ಬುಶ್ ಸಿಕ್ಕಿತು. ಬದಲಾಯಿಸಿದರು. ದಡದಡ ನಿಂತಿತು. ಬೇರೆಲ್ಲೂ ಸಡಿಲವಿರಲಿಲ್ಲ. ಅವರ ಕೈಗೆ ಸಿಗುವುದೆಲ್ಲ ಬಿಗಿಯಾಗಿತ್ತು.

ಮರುದಿನ ಜನರನ್ನು ಇಳಿಸಿ ಡ್ರೈವರ್ ಒಬ್ಬನೇ ಸಾಗರದ ಮೇಲಾಗಿ ವಾಪಸು ಬರುವಾಗ, ಮಟಮಟ ಮಧ್ಯಾಹ್ನ, ತಿರುವೊಂದರಲ್ಲಿ ಆ ಎಡ ಚಕ್ರ ಒಳಕ್ಕೆ ಮಡಚಿಕೊಂಡಿತು. ಕಾರು ಮೋರಿಯ ಕಟ್ಟೆಗೆ ಹೊಡೆಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕಾರನ್ನು ಎಳೆದು ತಂದು ನಮ್ಮ ಅಂಗಳದಲ್ಲೇ ನಿಲ್ಲಿಸಿದ್ದರು. ನಾನು ತೀರ್ಥಹಳ್ಳಿಯಿಂದ ಓಡಿ ಬಂದಾಗ ನನ್ನ ಗಂಡ ಮುರಿದ ಆರ್ಮನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಚಕ್ರವನ್ನು ಹಿಡಿದಿಡುವ ಕಬ್ಬಿಣ ಅದು. ಮುರಿದ ಜಾಗವನ್ನು ನನಗೆ ತೋರಿಸಿದರು. ಅರ್ಧ ಭಾಗ ಹೊಸದಾಗಿ ಹೊಳೆಯುತ್ತಿತ್ತು. ಇನ್ನರ್ಧ ತುಕ್ಕು ಹಿಡಿದು ಕಂದಾಗಿತ್ತು.

"ತುಕ್ಕು ಇರೋದು ಹಳೇ ಬಿರುಕು" ಎಂದರು. "ಬಿರುಕು ಅಲ್ಲಾಡಲ್ಲ, ಕೈಗೆ ಸಿಗಲ್ಲ. ಕೂಗ್ತದೆ ಅಷ್ಟೇ. ನೀನಿದ್ರೆ ಹೇಳ್ತಿದ್ದೆ."

ಅದು ಆಕ್ಷೇಪಣೆಯಲ್ಲ, ಆದರೂ ನನ್ನ ಎದೆಗೆ ನಾಟಿತು. ತಾಯಿಯ ಹತ್ತಿರ ಇನ್ನೂ ಇಬ್ಬರು ಅಕ್ಕಂದಿರಿದ್ದರು. ನಾನು ಎರಡು ದಿನ ಮೊದಲೇ ಬರಬಹುದಿತ್ತು.

ಆಸ್ಪತ್ರೆಗೆ ಇಬ್ಬರೂ ಹೋದೆವು. ಡ್ರೈವರ್ ಗೋಡೆಗೆ ಒರಗಿ ಕೂತಿದ್ದ, ಕಾಲಿನ ಮೇಲೆ ಕಂಬಳಿ. ನನ್ನ ಗಂಡ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿದವರು ಎತ್ತಲೇ ಇಲ್ಲ. ಅವರ ಹೆಗಲು ಅಲುಗುತ್ತಿತ್ತು. ಡ್ರೈವರ್ ಅವರ ಬೆನ್ನ ಮೇಲೆ ಕೈ ಇಟ್ಟ.

"ನಂಗೆ ಕೇಳಿತ್ತು ಅಣ್ಣ" ಎಂದ. "ಬುಶ್ ಹಾಕಿದ್ಮೇಲೂ ತಿರುವಿನಲ್ಲಿ ಕಿರ್ ಅಂತಿತ್ತು. ನಿಮ್ಮ ಅಂಗಳದಿಂದ ಹೊರಡೋವಾಗ್ಲೇ ಕೇಳ್ತು. ಹೇಳಿದ್ರೆ ನಿಮಗೆ ಬೇಜಾರಾಗ್ತದೆ, ಅತ್ತಿಗೆ ಬಂದ್ಮೇಲೆ ತೋರಿಸಿದ್ರಾಯ್ತು ಅಂತ ಸುಮ್ನೆ ಹೋದೆ."

ನನ್ನ ಗಂಡ ನೆಲ ನೋಡುತ್ತಿದ್ದರು. ಬೆನ್ನ ಮೇಲಿನ ಕೈ ಅವರಿಗೆ ತಿಳಿಯಿತೇ ಹೊರತು ಮಾತು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಎಂತ ಹೇಳ್ದ ಅವ್ನು?"

ಡ್ರೈವರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಬೇಡ ಎನ್ನುವಂತೆ ತುಸುವೇ ತಲೆ ಆಡಿಸಿದ.

"ನೀವು ಊಟ ಮಾಡಿದ್ರಾ ಅಂತ ಕೇಳ್ತಿದಾನೆ" ಎಂದೆ.

ಅದಕ್ಕೆ ಅವರು ಇನ್ನಷ್ಟು ಅತ್ತರು.

ಆ ತಿಂಗಳೇ ಗ್ಯಾರೇಜು ಮುಚ್ಚಿದರು. ಕಾರಿನ ಯಜಮಾನರಾಗಲಿ ಊರಿನವರಾಗಲಿ ಒಂದು ಮಾತು ಅನ್ನಲಿಲ್ಲ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಇವರು ಒಮ್ಮೆ ಹೇಳಿದ್ದರು. ನಾವು ಸಾಗರಕ್ಕೆ ಹೋದೆವು. ಅಲ್ಲಿ ಅವರು ಬಸ್ಸುಗಳಿಗೆ, ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದರು. ಕಿವಿ ಬೇಡದ ಕೆಲಸ. ಅಚ್ಚುಕಟ್ಟಾಗಿ ಮಾಡುತ್ತಿದ್ದರು, ಆದರೆ ಮನೆಗೆ ಬಂದು ಅದರ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಮೊದಲಾದರೆ ಊಟಕ್ಕೆ ಕೂತರೂ ಚಕ್ರ, ಕೀಲು ಅದೇ ಮಾತು.

ಡ್ರೈವರ್ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಬೀಡಿ, ಬಾಳೆಹಣ್ಣಿನ ಅಂಗಡಿ ಇಟ್ಟ. ವರ್ಷಕ್ಕೆ ಒಂದೆರಡು ಸಲ ಕೋಲೂರಿಕೊಂಡು ಸಾಗರಕ್ಕೆ ಬರುತ್ತಿದ್ದ. ಇಬ್ಬರೂ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಅಷ್ಟು ಹೊತ್ತಿಗೆ ಇವರಿಗೆ ಪೂರ್ತಿ ಕಿವುಡು.

ಎಂಬತ್ತರ ದಶಕ ಮುಗಿಯುವ ಮೊದಲೇ ಹಳೆಯ ಎದೆಯ ಕಾಯಿಲೆ ತಿರುಗಿ ಬಂದು ನನ್ನ ಗಂಡ ತೀರಿಕೊಂಡರು. ಕೊನೆಯವರೆಗೂ ಆ ಕಾಲು ಹೋದದ್ದು ತಮ್ಮೊಬ್ಬರಿಂದಲೇ ಎಂದು ನಂಬಿದ್ದರು. ಇಲ್ಲ, ಅವನಿಗೆ ಕೇಳಿಸಿತ್ತು ಎಂದು ಹೇಳಲು ಎಷ್ಟೋ ಸಲ ಅವರ ಎದುರು ಕೂತಿದ್ದೇನೆ. ಹೇಳಿದರೆ ತಪ್ಪಿನ ಭಾರ ಅರ್ಧವಾಗುತ್ತಿತ್ತು. ಆದರೆ ತಮ್ಮ ಕಿವುಡಿಗೆ ಮರುಗಿ ಒಬ್ಬ ಸುಮ್ಮನಿದ್ದ, ಹಾಗೆ ಸುಮ್ಮನಿದ್ದು ಕಾಲು ಕಳೆದುಕೊಂಡ ಎನ್ನುವುದನ್ನು ಆ ಮನುಷ್ಯ ತಡೆದುಕೊಳ್ಳುತ್ತಿರಲಿಲ್ಲ. ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದರು. ನಾನು ಅನ್ನ ಬಡಿಸಲಾ ಎಂದು ಕೇಳಿ ಎದ್ದು ಹೋಗುತ್ತಿದ್ದೆ.