ಚೌಕಾಬಾರದ ಕರಾರುಪತ್ರ

ನನ್ನ ತಂದೆಯವರು ಚಾಮರಾಜನಗರದಲ್ಲಿ ಪತ್ರ ಬರೆಯುವವರಾಗಿದ್ದರು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಹೊಂಗೆಮರದ ಕೆಳಗೆ ಒಂದು ಚಾಪೆ, ಒಂದು ಡೆಸ್ಕು, ಎರಡು ಮಸಿಕುಡಿಕೆ. ಸುತ್ತಲ ಹೊಲ, ಗದ್ದೆ, ಹಿತ್ತಿಲುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿದ್ದದ್ದು ಆ ಡೆಸ್ಕಿನ ಮೇಲಿಂದಲೇ. ಇದರಿಂದ ಅವರಿಗೊಂದು ಅಭ್ಯಾಸ ಅಂಟಿತ್ತು. ಏನನ್ನು ಬರೆದರೂ ಮೊದಲು ಚಕ್ಕುಬಂದಿ ಬರೆಯಬೇಕು. ಅಂದರೆ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ ಎಂದು ನಾಲ್ಕು ದಿಕ್ಕಿನ ಎಲ್ಲೆ ಗುರುತಿಸಬೇಕು. ಅಂಗಡಿಗೆ ಬೇಳೆ ಬೆಲ್ಲದ ಚೀಟಿ ಬರೆದುಕೊಟ್ಟರೂ ಅಂಗಡಿಯ ಬಲಕ್ಕೆ ಯಾರ ಮನೆ ಎಂಬುದು ಅದರಲ್ಲಿ ಇರುತ್ತಿತ್ತು. ಲೋಕದಲ್ಲಿ ಚೌಕಾಬಾರದ ಆಟಕ್ಕೆ ಚಕ್ಕುಬಂದಿ ಸಮೇತ ಕರಾರುಪತ್ರ ಬರೆದವರು ಅವರೊಬ್ಬರೇ ಎಂದು ನಾನು ನಂಬಿದ್ದೇನೆ. ಆ ಪತ್ರದಲ್ಲಿ ಪಣಕ್ಕಿದ್ದ ಸ್ವತ್ತು ನಾನು.

ಐವತ್ತರ ದಶಕದ ಮಾತು. ಹಿಂದಿನ ಬೇಸಿಗೆಯಲ್ಲಿ ನನ್ನ ಮದುವೆಯಾಗಿತ್ತು. ಗಂಡನ ಮನೆ ಗುಂಡ್ಲುಪೇಟೆ, ದಿನಸಿ ಅಂಗಡಿಯವರು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿಕೊಂಡೇ ಬರಲಿ ಎಂದು ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ತಲೆಯಾಡಿಸಿದ್ದರು. ಪತ್ರ ಬರೆಯುವವರ ಮನೆಯಲ್ಲಿ ಅದೊಂದು ಮಾತ್ರ ಬಾಯಿಮಾತಿನಲ್ಲೇ ಉಳಿದಿತ್ತು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಅತ್ತೆ ತಮ್ಮ ಅಕ್ಕನನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದರು. ಅತ್ತೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಮನೆಯಲ್ಲಿ ಕೈ ಸಾಲದು, ನಾಲ್ಕು ಗಂಟೆಯ ಬಸ್ಸಿಗೆ ಸೊಸೆಯನ್ನು ಕರೆದುಕೊಂಡು ಹೋಗಬೇಕು ಎಂಬುದು ಅವರು ಬಂದ ಉದ್ದೇಶ.

ಪರೀಕ್ಷೆಗೆ ಎರಡು ತಿಂಗಳಿತ್ತು. ನನ್ನ ತರಗತಿಯಲ್ಲಿ ಹೀಗೆ ಸ್ವಲ್ಪ ದಿನದ ಮಟ್ಟಿಗೆ ಎಂದು ಹೋದ ಇಬ್ಬರು ಹುಡುಗಿಯರ ಜಾಗ ಬೆಂಚಿನ ಮೇಲೆ ಖಾಲಿಯೇ ಉಳಿದಿತ್ತು. ಮೂರನೆಯ ಜಾಗ ನನ್ನದಾಗುವುದರಲ್ಲಿ ಸಂಶಯವಿರಲಿಲ್ಲ. ತಂದೆಯವರು ಹೆಣ್ಣು ಕೊಟ್ಟವರು. ಬೀಗಿತ್ತಿಯ ಎದುರು ಆಗದು ಎನ್ನುವ ಹಾಗಿಲ್ಲ. ಮೂರು ಸಲ ಗಂಟಲು ಸರಿಮಾಡಿಕೊಂಡರು. ಗಂಟಲು ಸರಿಹೋಯಿತು, ಮಾತು ಬರಲಿಲ್ಲ.

ಮಾತಾಡಿದವರು ಅಜ್ಜಿ, ತಂದೆಯ ತಾಯಿ. ಉಮ್ಮತ್ತೂರಿನಲ್ಲಿ ಹುಟ್ಟಿದವರು. ಕವಡೆ ಹಿಡಿದರೆ ಅವರು ಸೋತದ್ದನ್ನು ಕಂಡವರಿಲ್ಲ. ಸೋಲುವ ಸೂಚನೆ ಕಂಡಾಗಲೆಲ್ಲ ಹಾಲು ಉಕ್ಕುತ್ತಿದೆಯೆಂದು ಎದ್ದು ಹೋಗುತ್ತಿದ್ದದ್ದೂ ಅದಕ್ಕೊಂದು ಕಾರಣ.

"ಬೀಗಿತ್ತಿ, ಬಸ್ಸಿಗೆ ಇನ್ನೂ ಹೊತ್ತದೆ. ಒಂದಾಟ ಚೌಕಾಬಾರ ಆಡನ. ನೀವಿಬ್ರು ಗೆದ್ರೆ ಕರ್ಕೊಂಡೋಗಿ. ನಾನೂ ಮೊಮ್ಮಗಳೂ ಗೆದ್ರೆ ಪರೀಕ್ಷೆ ಮುಗಿಸ್ಕಂಡೇ ಬತ್ತಳೆ," ಎಂದರು.

ಅತ್ತೆ ತಮ್ಮ ಅಕ್ಕನ ಮುಖ ನೋಡಿದರು. ಆ ಅಕ್ಕ ನನಗೆ ದೊಡ್ಡತ್ತೆ, ಹಂಗಳಕ್ಕೆ ಮದುವೆಯಾಗಿ ಹೋದವರು. ಅವರು ಸೊಂಟದ ಎಲೆಯಡಿಕೆ ಚೀಲಕ್ಕೆ ಕೈಹಾಕಿ ನಾಲ್ಕು ಕವಡೆ ತೆಗೆದು ನೆಲದ ಮೇಲಿಟ್ಟರು.

"ಕಲ್ಲಿಕೋಟೆಯಿಂದ ತರ್ಸಿದ್ದು ಕಣವ್ವ. ನಿಮ್ಮನೆ ಕವಡೆ ನಂಬ್ಕೊಂಡು ಯಾರಾಡಾರು?"

ಎಲೆಯಡಿಕೆ ಚೀಲದಲ್ಲಿ ಕವಡೆ ಇಟ್ಟುಕೊಂಡು ಊರೂರು ತಿರುಗುವ ಹೆಂಗಸು ಸಾಮಾನ್ಯದವಳಲ್ಲ.

ತಂದೆಯವರ ಮುಖ ಮಾತ್ರ ಅರಳಿತು. ಕೊನೆಗೂ ಬರೆಯುವಂಥದ್ದೊಂದು ಸಿಕ್ಕಿತ್ತು. ಆಮೇಲೆ ಮನಸ್ತಾಪ ಬೇಡ ಎಂದು ಅರ್ಧ ಹಾಳೆ ತೆಗೆದು ಕೂತರು. ಅತ್ತೆ ಮತ್ತು ದೊಡ್ಡತ್ತೆ ಒಂದನೆಯ ಪಾರ್ಟಿ, ಅಜ್ಜಿ ಮತ್ತು ನಾನು ಎರಡನೆಯ ಪಾರ್ಟಿ. ಆಟದ ಜಾಗದ ಚಕ್ಕುಬಂದಿ: ಪೂರ್ವಕ್ಕೆ ಅಡುಗೆಮನೆಯ ಹೊಸ್ತಿಲು, ಪಶ್ಚಿಮಕ್ಕೆ ರಾಗಿ ತುಂಬಿಡುವ ಮಣ್ಣಿನ ವಾಡೆ, ಉತ್ತರಕ್ಕೆ ಒನಕೆ ಒರಗಿಸಿರುವ ಗೋಡೆ, ದಕ್ಷಿಣಕ್ಕೆ ಬೀದಿಬಾಗಿಲು, ಈ ಮಧ್ಯೆ ಸೀಮೆಸುಣ್ಣದಲ್ಲಿ ಬರೆದಿರುವ ಇಪ್ಪತ್ತೈದು ಮನೆಗಳು. ಹಾಳೆಯ ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಉಳಿದ ಕಾಲು ಭಾಗದಲ್ಲಿ ಆಟದ ನಿಯಮಗಳು ಒತ್ತಿಕೊಂಡು ಕುಳಿತವು. ಅದರಲ್ಲಿ ಒಂದು: "ಒಂದು ಕಾಯನ್ನಾದರೂ ಕಡಿದ ಹೊರತು ಒಳಮನೆಗೆ ಪ್ರವೇಶವಿರತಕ್ಕದ್ದಲ್ಲ." ಕೊನೆಯಲ್ಲಿ: "ಒಂದನೆಯ ಪಾರ್ಟಿಯವರು ಗೆದ್ದಲ್ಲಿ ಹುಡುಗಿಯನ್ನು ಕರೆದುಕೊಂಡು ಹೋಗಲು ಅವರಿಗೆ ಪೂರ್ಣ ಹಕ್ಕು ಇರತಕ್ಕದ್ದು." ಹಿರಿಯರು ಮೂವರೂ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಹಾಕಿದೆ. ಪಣಕ್ಕಿಟ್ಟ ಸ್ವತ್ತೇ ಪತ್ರಕ್ಕೆ ಸಹಿ ಹಾಕಿದ್ದು ತಮ್ಮ ಅನುಭವದಲ್ಲಿ ಅದೇ ಮೊದಲು ಎಂದು ತಂದೆಯವರು ಹೇಳಿದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅಂಗಾತ ಬಿದ್ದ ಕವಡೆಗಳ ಲೆಕ್ಕಕ್ಕೆ ಹೊರಸುತ್ತಿನ ಹದಿನಾರು ಮನೆ ಸುತ್ತಬೇಕು, ಆಮೇಲೆ ಒಳಮನೆ ಎನ್ನುವ ಒಳಸುತ್ತಿನ ಎಂಟು ಮನೆ, ಕೊನೆಗೆ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ದಾರಿಯಲ್ಲಿ ಎದುರಾಳಿಯ ಕಾಯಿ ಇದ್ದ ಮನೆಗೇ ನಮ್ಮದು ಹೋಗಿ ಬಿದ್ದರೆ ಅದನ್ನು ಕಡಿದಂತೆ. ಪಾಪ, ಅದು ಮೊದಲಿಂದ ಹೊರಡಬೇಕು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕು; ಎಲ್ಲ ಬೋರಲಾದರೆ ಬಾರ, ಎಂಟು. ಇವೆರಡು ಬಿದ್ದರೆ ಮತ್ತೊಮ್ಮೆ ಹಾಕಬಹುದು.

ಅತ್ತೆಯದು ಕಲ್ಲು, ದೊಡ್ಡತ್ತೆಯದು ಬಳೆಚೂರು, ಅಜ್ಜಿಯದು ಅವರೆಬೀಜ, ನನ್ನದು ಹುಣಸೆಬೀಜ. ಮೊದಲ ಸುತ್ತಿನಲ್ಲೇ ದೊಡ್ಡತ್ತೆ ಬಾರದ ಮೇಲೆ ಬಾರ ಹಾಕಿ ಅಜ್ಜಿಯ ಅವರೆಬೀಜವನ್ನು ಕಡಿದರು. ಅಮ್ಮ ಎಳ್ಳುಬೆಲ್ಲ, ಕಾಫಿ ತಂದಿಟ್ಟರು. ಲೋಟ ಯಾರಿಗೆ ಯಾವುದು ಎಂಬ ಗಡಿಬಿಡಿ ಮುಗಿಯುವ ಹೊತ್ತಿಗೆ ಅತ್ತೆಯ ಎರಡು ಕಲ್ಲು ಒಳಮನೆಯಲ್ಲಿ ಕುಳಿತಿದ್ದವು. ಅಜ್ಜಿ ಕಾಫಿ ಮುಟ್ಟಲಿಲ್ಲ. ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, ಉಸಿರು ಬಿಟ್ಟು, ಹಾಕಿದರು. ಮೂರು. ದೊಡ್ಡತ್ತೆಯ ಬಳೆಚೂರು ಹೋಯಿತು. ನಾನು ಕುಳಿತಲ್ಲೇ ಒಂದು ಗೇಣು ಮೇಲೆದ್ದು ಬಿದ್ದೆ. ನನ್ನ ಸರದಿ ಬಂತು, ಎರಡು ಬಿತ್ತು. ಹೊರಸುತ್ತು ಮುಗಿಸಿ ಕಾದಿದ್ದ ನನ್ನ ಹುಣಸೆಬೀಜವನ್ನು ಒಳಗೆ ಇಡಲು ಹೋದೆ. ಇಡಬೇಕಾದ ಮನೆಯ ಮೇಲೆ ದೊಡ್ಡತ್ತೆಯ ಅಂಗೈ ಬಂದು ಕುಳಿತುಬಿಟ್ಟಿತ್ತು.

"ನಿಲ್ಲು ಕಣಮ್ಮಿ. ನೀನೆಲ್ಲಿ ಕಡಿದೆ?"

"ಅಜ್ಜಿ ಕಡಿದರಲ್ಲ, ದೊಡ್ಡತ್ತೆ."

"ಅಜ್ಜಿ ಕಡಿದ್ರೆ ಅಜ್ಜಿ ಓಗ್ಲಿ. ಅವರವರು ಕಡೀಬೇಕು. ನಮ್ ಕಡೆ ಹಂಗೆ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಮ್ ಕಡೆ ಜೊತೆಯೋರು ಒಬ್ರು ಕಡಿದ್ರೆ ಇಬ್ರಿಗೂ ಬಾಗ್ಲು ತೆಗೀತದೆ. ಉಮ್ಮತ್ತೂರಲ್ಲಿ ನಾನು ಇಷ್ಟುದ್ದ ಇದ್ದಾಗಿಂದ್ಲೂ ಹಂಗೇ."

"ಹಂಗಾದ್ರೆ ನೀವು ಉಂಡ್ರೆ ಮೊಮ್ಮಗಳ ಹೊಟ್ಟೆ ತುಂಬ್ತದಾ?"

"ನಾನು ಬಡ್ಸಿದ್ರೆ ತುಂಬ್ತದೆ."

ಪತ್ರ ಓದಿ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ತಂದೆಯವರು ಕನ್ನಡಕ ಏರಿಸಿ ಗಂಭೀರವಾಗಿ ಶುರುಮಾಡಿದರು. ಪೂರ್ವದ ಹೊಸ್ತಿಲು ದಾಟಿ, ಪಶ್ಚಿಮದ ವಾಡೆ ದಾಟಿ, ಆ ನಿಯಮಕ್ಕೆ ಬಂದು ನಿಂತರು. ಮತ್ತೆ ಓದಿದರು.

"ಕಡೀದೆ ಪ್ರವೇಶ ಇಲ್ಲ ಅಂತ ಅದೆ," ಎಂದರು. "ಕಡೀಬೇಕಾದ್ದು ಯಾರು ಅಂತ... ಅದು ಬಿಟ್ಟೋಗದೆ."

"ಗೋಡೆಗೆ ಒನಕೆ ಒರಗ್ಸಿರೋದು ಬರ್ದಿದ್ದೀಯಲ್ಲೋ ಮಗನೆ," ಎಂದರು ಅಜ್ಜಿ.

ಅಷ್ಟರಲ್ಲಿ ಅಡುಗೆಮನೆಯ ಹೊಸ್ತಿಲಿನಿಂದ, ಅಂದರೆ ಪೂರ್ವದ ಎಲ್ಲೆಯಿಂದ, ಅಮ್ಮ ಬಾಯಿಹಾಕಿದರು. ಅವರ ತವರು ಕುದೇರು. "ನಮ್ಮೂರಲ್ಲಿ ಒಂದೊಂದು ಕಾಯೂ ತಾನೇ ಕಡೀಬೇಕು. ಕಡಿದ ಕಾಯಿ ಮಾತ್ರ ಒಳಕ್ಕೆ."

"ಹಂಗಾಡಿದ್ರೆ ಆಟ ಯಾವತ್ತು ಮುಗಿದದವ್ವ?" ಎಂದರು ದೊಡ್ಡತ್ತೆ.

"ಮುಗಿಯಾಕಿಲ್ಲ. ಅದ್ಕೇ ಕುದೇರಲ್ಲಿ ಈಗ ಯಾರೂ ಆಡಾಕಿಲ್ಲ."

ಕುದೇರಿನ ವ್ಯಾಖ್ಯಾನವನ್ನು ಎರಡೂ ಪಾರ್ಟಿಯವರು ಏಕಮತದಿಂದ ತಳ್ಳಿಹಾಕಿದರು. ಆ ಮಧ್ಯಾಹ್ನ ಅವರು ಒಪ್ಪಿದ್ದು ಅದೊಂದನ್ನೇ. ವಾದ ಏರಿತು. ದೊಡ್ಡತ್ತೆ ಹಂಗಳದ ಆಟಗಳನ್ನೆಲ್ಲ ಸಾಕ್ಷಿಗೆ ಕರೆದರು; ಅಜ್ಜಿ ತೀರಿಹೋದ ತಮ್ಮ ನಾದಿನಿಯರನ್ನೆಲ್ಲ ಎಬ್ಬಿಸಿ ಕೂರಿಸಿದರು. ಬೀದಿಯ ಕೊನೆಯಲ್ಲಿ ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದು ತೆರಕಣಾಂಬಿಯ ಕಡೆಗೆ ಹೊರಟುಹೋಯಿತು. ಯಾರೂ ತಲೆಯೆತ್ತಲಿಲ್ಲ. ಆರು ಗಂಟೆಗೆ ಇನ್ನೊಂದಿತ್ತು.

ಕೊನೆಗೆ ತಂದೆಯವರು ಕೈಯೆತ್ತಿದರು. "ತಾಯಂದಿರಾ, ಕಚೇರೀಲಿ ಒಂದು ಪದ್ಧತಿ ಅದೆ. ಪತ್ರ ಬಾಯಿ ಬಿಡ್ದೆ ಇದ್ರೆ, ಇದುವರ್ಗೂ ಎರಡು ಪಾರ್ಟಿಯೋರೂ ಹೆಂಗೆ ನಡ್ಕೊಂಡು ಬಂದವ್ರೆ ಅಂತ ನೋಡ್ಬೇಕು."

ಆ ಮಾತು ಕೇಳಿದ್ದೇ ನಾನು ಆಟದ ಮನೆಗಳ ಕಡೆ ನೋಡಿದೆ. ಒಳಮನೆಯಲ್ಲಿ ಅತ್ತೆಯ ಎರಡು ಕಲ್ಲು ಕೂತಿದ್ದವು. ಅತ್ತೆ ಯಾರನ್ನೂ ಕಡಿದಿರಲಿಲ್ಲ. ಕಡಿದದ್ದು ದೊಡ್ಡತ್ತೆ. ಅಜ್ಜಿಯ ಕಣ್ಣು ನೋಡಿದೆ. ಅವರಿಗೆ ಕಾಫಿಯ ಹೊತ್ತಿಗೇ ಗೊತ್ತಿತ್ತು. ಆದರೆ ಅವರು ಹೇಳಲೊಲ್ಲರು, ನನ್ನನ್ನೇ ನೋಡುತ್ತ ಕುಳಿತಿದ್ದಾರೆ. ಹೊಸ ಸೊಸೆ ಅತ್ತೆಯ ತಪ್ಪು ಎತ್ತಿ ಆಡುವುದು ಯಾವ ಊರಿನ ನಿಯಮದಲ್ಲೂ ಇಲ್ಲ. ಹೇಳದಿದ್ದರೆ ಪರೀಕ್ಷೆಯಿಲ್ಲ. ನೆಲ ನೋಡಿಕೊಂಡು ಹೇಳಿಬಿಟ್ಟೆ.

"ಅತ್ತಮ್ಮನ ಕಲ್ಲುಗಳು ದೊಡ್ಡತ್ತೆಯ ಕಡಿತದ ಮೇಲೆ ಒಳಗೆ ಬಂದಿವೆ. ನಾನು ಅತ್ತಮ್ಮನ ಹಿಂದೆಯೇ ಹೋಗುತ್ತಿದ್ದೇನೆ."

ದೊಡ್ಡತ್ತೆ ತಮ್ಮ ತಂಗಿಯ ಕಡೆ ತಿರುಗಿದರು. "ಏನಮ್ಮಿ ಇದು?"

ಅತ್ತೆ ಒಳಮನೆಯ ಕಲ್ಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು. "ಓಗ್ಬುಟ್ಟಿವ್ನಿ ಕಣಕ್ಕ. ಕಾಫಿ ಗ್ಯಾನ್ದಲ್ಲಿ ಓಗ್ಬುಟ್ಟೆ." ಆಮೇಲೆ ನನ್ನ ಕಡೆ ನೋಡಿ, "ಕಣ್ಣು ನೆಟ್ಟಗದೆ ಇವಳ್ದು," ಎಂದರು. ಅದು ಮೆಚ್ಚುಗೆಯೋ ಎಚ್ಚರಿಕೆಯೋ ತಿಳಿಯಲಿಲ್ಲ. "ಕೈ ತೆಗಿ ಅಕ್ಕ. ಬರ್ಲಿ."

ಅಂಗೈ ಎದ್ದಿತು. ನನ್ನ ಹುಣಸೆಬೀಜ ಒಳಗೆ ಬಂತು. ಅಲ್ಲಿಂದ ಮುಂದೆ ಆಟ ಬಿರುಸಾಯಿತು. ಅಜ್ಜಿಯ ನಾಲ್ಕೂ ಹಣ್ಣಾದವು. ದೊಡ್ಡತ್ತೆಯ ನಾಲ್ಕೂ ಹಣ್ಣಾದವು. ನನಗೆ ಉಳಿದದ್ದು ಒಂದೇ ಬೀಜ, ಬೇಕಾದದ್ದು ಮೂರು. ಅತ್ತೆಗೆ ಉಳಿದದ್ದು ಒಂದೇ ಕಲ್ಲು, ಬೇಕಾದದ್ದು ಒಂದು. ಸರದಿ ನನ್ನದು. ಹಾಕಿದೆ: ಚೌಕ. ಉಪಯೋಗವಿಲ್ಲ, ಆದರೆ ಮತ್ತೊಮ್ಮೆ ಹಾಕಬಹುದು. ಹಾಕಿದೆ: ಬಾರ. ಜನ್ಮದಲ್ಲಿ ಕೇಳಿದಾಗ ಬೀಳದ ಎಂಟು, ಬೇಡದಾಗ ಬಂದು ಕುಳಿತಿತ್ತು. ಅಮ್ಮ ಸೌಟು ಹಿಡಿದುಕೊಂಡೇ ಎಲ್ಲೆ ದಾಟಿ ಒಳಬಂದಿದ್ದರು. ಮೂರನೆಯ ಸಲ ಹಾಕಿದೆ. ಎರಡು ಕವಡೆ ಅಂಗಾತ ಬಿದ್ದವು, ಒಂದು ಬೋರಲು, ನಾಲ್ಕನೆಯದು ಗಿರ್ರನೆ ತಿರುಗಿತು, ತಿರುಗಿತು, ವಾಡೆಯ ಬುಡಕ್ಕೆ ಹೋಗಿ ಬೋರಲು ಮಲಗಿತು. ಎರಡು. ನಡುಮನೆಗೆ ಒಂದೇ ಮನೆ ದೂರದಲ್ಲಿ ನನ್ನ ಬೀಜ ನಿಂತಿತು.

ಅತ್ತೆ ಕುಲುಕಲೂ ಇಲ್ಲ. ಹಾಗೇ ಹಾಕಿದರು. ಒಂದು.

ಅಜ್ಜಿಗೆ ಹಾಲು ಉಕ್ಕುತ್ತಿದೆ ಎನ್ನಲೂ ಸಮಯ ಸಿಗಲಿಲ್ಲ.

"ಪೆಟ್ಟಿಗೆ ಕಟ್ಟಮ್ಮಿ," ಎಂದು ದೊಡ್ಡತ್ತೆ ಕವಡೆ ಚೀಲಕ್ಕೆ ಹಾಕಿಕೊಂಡರು. ನಾನು ಟ್ರಂಕು ತೆಗೆದು ಸೀರೆ ಜೋಡಿಸಿದೆ. ಮೇಲೆ ರೇಖಾಗಣಿತದ ಪುಸ್ತಕ ಇಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದ್ಯಾಕೆ?"

"ಇರಲಿ ಅಂತ, ಅತ್ತಮ್ಮ."

ಅವರು ಒಳಗೆ ಬಂದು ಪುಸ್ತಕವನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟು, "ಆ ಕಾಗದ ತಕ್ಕಬಾ," ಎಂದರು. ಹೋಗಿ ತೆಗೆದುಕೊಂಡು ಬಂದೆ. "ಕಡೇದು ಓದು." ಓದಿದೆ. "ಇನ್ನೊಂದ್ಸಲ." ಮತ್ತೆ ಓದಿದೆ: ಒಂದನೆಯ ಪಾರ್ಟಿಯವರು ಗೆದ್ದಲ್ಲಿ ಹುಡುಗಿಯನ್ನು ಕರೆದುಕೊಂಡು ಹೋಗಲು ಅವರಿಗೆ ಪೂರ್ಣ ಹಕ್ಕು ಇರತಕ್ಕದ್ದು.

"ಯಾವತ್ತು ಅಂತ ಅದಾ?"

ಹಾಳೆಯನ್ನು ತಿರುಗಿಸಿಯೂ ನೋಡಿದೆ. "ಇಲ್ಲ, ಅತ್ತಮ್ಮ."

"ಹಂಗಾದ್ರೆ ದಿನ ಗೊತ್ತು ಮಾಡೋದು ಗೆದ್ದೋರು. ಪರೀಕ್ಷೆ ಆದ್ಮೇಲೆ ಬಂದು ಕರ್ಕೊಂಡೋಯ್ತೀನಿ."

ದೊಡ್ಡತ್ತೆ ಕೆರಳಿದರು. "ಲೇ, ಕರ್ಕೊಂಡೋಗೋದು ಅಂದ್ರೆ ಇವತ್ತೇ ಕಣೆ. ಮನೇಲಿ ಬಾಣಂತನ ಯಾರು ಮಾಡಾರು?"

"ನೀನಿಲ್ವಾ ಅಕ್ಕ? ಇನ್ನೆರಡು ತಿಂಗ್ಳು ಹಂಗಳಕ್ಕೆ ಓಗ್ಬೇಡ." ಅತ್ತೆ ತಂದೆಯವರ ಕಡೆ ತಿರುಗಿದರು. "ನಮ್ಮನೇಗೆ ಒಂದು ಕಾಗದ ಬಂದ್ರೆ ಅಂಗಡಿ ಗುಮಾಸ್ತನ ದಾರಿ ಕಾಯ್ಬೇಕು, ಬೀಗ್ರೇ. ಅರ್ಧ ಓದ್ದೋಳು ಬಂದ್ರೆ ಕಾಗದ ಅರ್ಧ ಓದಾಳು. ಪೂರ್ತಿ ಓದ್ಕಂಡೇ ಬರ್ಲಿ."

ಗೆದ್ದ ದೊಡ್ಡತ್ತೆಗೆ ಬಾಣಂತನ, ಸೋತ ನನಗೆ ಪರೀಕ್ಷೆ. ಆರು ಗಂಟೆಯ ಬಸ್ಸಿಗೆ ಅಕ್ಕತಂಗಿಯರು ಈ ವ್ಯಾಖ್ಯಾನದ ಮೇಲೆ ಜಗಳವಾಡುತ್ತಲೇ ಹತ್ತಿದರು. ದಿನಾಂಕ ಬರೆಯದೆ ಬಿಟ್ಟದ್ದು ಬೇಕೆಂದೇನಾ ಎಂದು ರಾತ್ರಿ ಊಟಕ್ಕೆ ಕೂತಾಗ ತಂದೆಯವರನ್ನು ಕೇಳಿದೆ. ಅವರು ಮುದ್ದೆ ಮುರಿಯುತ್ತ, "ಜಾಗ ಸಾಲ್ಲಿಲ್ಲ," ಎಂದರು.

ಪರೀಕ್ಷೆ ಬರೆದೆ. ಏಪ್ರಿಲ್ಲಿನಲ್ಲಿ ಅತ್ತೆ ತಾವೇ ಬಂದು ಕರೆದುಕೊಂಡು ಹೋದರು. ಗುಂಡ್ಲುಪೇಟೆಯ ಮನೆಯಲ್ಲಿ ದೊಡ್ಡತ್ತೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮುಂದೆ ಕವಡೆ ಇಟ್ಟುಕೊಂಡು ಕಾದಿದ್ದರು. ನಾನು ಕಾಲು ತೊಳೆದು ಒಳಗೆ ಬಂದೆನೋ ಇಲ್ಲವೋ, ಅತ್ತೆ ಹೇಳಿದರು: "ಈ ಮನೇಲಿ ಅವರವರೇ ಕಡೀಬೇಕು ಕಣಮ್ಮಿ. ಮೊದ್ಲೇ ಏಳ್ಬುಟ್ಟಿವ್ನಿ."

"ಬರೆದಿಟ್ಟುಕೊಳ್ಳೋಣವಾ, ಅತ್ತಮ್ಮ?"

"ನೀನೇ ಬರಿ," ಎಂದರು. ನಾನು ಹಾಳೆ ಹುಡುಕಲು ಎದ್ದಾಗ ಹಿಂದಿನಿಂದ ದೊಡ್ಡತ್ತೆಯ ದನಿ ಬಂತು: "ಗೋಡೆ ವಾಡೆ ಬ್ಯಾಡ."